ಫೀಸು ಕಟ್ಟುವ ಮುಂಚೆ ಒಂದು ಮಾತು

ಮಗಳೇ, ಮೊನ್ನೆ ಭಾನುವಾರ ನೀನು ತಂದು ತೋರಿಸಿದ ಆ ಬಣ್ಣದ ಕಾಗದ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. 'ಆರು ತಿಂಗಳಲ್ಲಿ ಜಪಾನೀಸ್, ಮುಗಿದ ಕೂಡಲೇ ಜಪಾನಿನಲ್ಲಿ ಕೆಲಸ' ಅಂತ ಮೇಲೆ ದಪ್ಪಕ್ಷರ. ಕೆಳಗೆ ಮೂಲೆಯಲ್ಲಿ 80,000 ರೂಪಾಯಿ ಅಂತ ಸಣ್ಣಕ್ಷರ. ಕಂತಿನಲ್ಲೂ ಕಟ್ಟಬಹುದಂತೆ. 'ದೊಡ್ಡಮ್ಮ, ಕಟ್ಟಲಾ?' ಅಂದೆ. ನಿಮ್ಮಮ್ಮ ಪಕ್ಕದಲ್ಲೇ ನಿಂತಿದ್ದಳು. ಮಾತಾಡಲಿಲ್ಲ, ಕೊರಳಿನ ಸರ ಮುಟ್ಟಿಕೊಂಡಳು. ಆ ದುಡ್ಡು ಎಲ್ಲಿಂದ ಬರುತ್ತೆ ಅಂತ ನನಗೆ ಆವಾಗಲೇ ಗೊತ್ತಾಯಿತು. ಎರಡು ದಿನ ತಡಿ ಅಂದಿದ್ದೆ. ಹೇಳುವುದು ಬಹಳ ಇತ್ತು, ಅದಕ್ಕೇ ಕೂತು ಬರೆದಿದ್ದೇನೆ.

ಕಟ್ಟಬೇಡ. ಆದರೆ ಜಪಾನೀಸ್ ಕಲಿ, ಖಂಡಿತ ಕಲಿ. ಸತ್ಯಮಂಗಲದ ಈ ಮನೆಯಲ್ಲೇ ಕೂತು, ನಿನ್ನ ಕೈಲಿರುವ ಈ ಫೋನಿನಲ್ಲೇ ಕಲಿಯಬಹುದು. ಇನ್ನೊಂದು ವಿಷಯ ನಿನಗೆ ಯಾರೂ ಹೇಳಿರಲಾರರು. ಆ ಭಾಷೆಯ ಅರ್ಧ ದಾರಿಯನ್ನು ನೀನು ಆಗಲೇ ನಡೆದಾಗಿದೆ. ನಿನ್ನ ಬಾಯಲ್ಲಿ ಕನ್ನಡ ಇದೆಯಲ್ಲ, ಅದೇ ಆ ಅರ್ಧ. ಆ ಅರ್ಧಕ್ಕೆ ನೀನು ಯಾರಿಗೂ ಒಂದು ರೂಪಾಯಿ ಕೊಡಬೇಕಾಗಿಲ್ಲ.

ನಾನು ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ, ನನಗೂ ಜಪಾನಿಗೂ ನಂಟು ಹಳೆಯದು. ನಾನು ದುಡಿದದ್ದು ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ, ಜೋಡಣೆ ವಿಭಾಗದಲ್ಲಿ. ಎಚ್‌ಎಂಟಿ ಕೈಗಡಿಯಾರ ಮಾಡೋದಕ್ಕೆ ಶುರು ಮಾಡಿದ್ದೇ 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಜೊತೆ ಕೈಜೋಡಿಸಿ, ಬೆಂಗಳೂರಿನಲ್ಲಿ. ಆಮೇಲೆ ನಮ್ಮೂರಿಗೂ ಕಾರ್ಖಾನೆ ಬಂತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಚಿಮಟದಲ್ಲಿ ಸಾಸಿವೆಗಿಂತ ಸಣ್ಣ ತಿರುಪು ಹಿಡಿದು ಕೂತ ಕಾಲದಲ್ಲಿ ಆ ದೇಶದ ಹೆಸರು ದಿನಾ ಕಿವಿಗೆ ಬೀಳುತ್ತಿತ್ತು. ಆ ಭಾಷೆ ಮಾತ್ರ ಬೀಳಲಿಲ್ಲ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಆಯಿತು, ನಮ್ಮ ಕಾರ್ಖಾನೆಯ ಜಾಗ ಇಸ್ರೋ ಪಾಲಾಯಿತು. ನಾನು ಅಷ್ಟರಲ್ಲಿ ಮನೆ ಸೇರಿದ್ದೆ. ಅರವತ್ತು ತುಂಬಿದ ಮೇಲೆ, ಮಗ ಕೊಡಿಸಿದ ಫೋನಿನಲ್ಲಿ ಕಲಿಯೋಕೆ ಕೂತೆ. ಜಪಾನೀಸ್ ಪರೀಕ್ಷೆಯ ಕೆಳಗಿನ ಮಟ್ಟ ಎನ್5 ಆಯಿತು, ಅದರ ಮೇಲಿನ ಎನ್4 ಆಯಿತು. ಈಗ ಎನ್3ರ ಪುಸ್ತಕ ತೆರೆದಿದೆ.

ಮೊದಲ ಸಲ ನಾನೂ ದುಡ್ಡು ಕಳೆದುಕೊಂಡೆ. ಒಂದು ಸಂಸ್ಥೆಗೆ 18,000 ರೂಪಾಯಿ ಕಟ್ಟಿದೆ. ಯಾವುದು ಅಂತ ಕೇಳಬೇಡ. ಆನ್‌ಲೈನ್ ತರಗತಿ, ಒಂದೇ ಪರದೆಯಲ್ಲಿ ಅರವತ್ತು ಜನ. ಮೂರು ತಿಂಗಳಲ್ಲಿ ನಾನು ಬಾಯಿ ಬಿಟ್ಟು ಮಾತಾಡಿದ್ದು ಎರಡೇ ಸಲ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಪ್ರತಿ ವಾಕ್ಯಕ್ಕೂ ಒಂದೇ ಮಾತು: 'ಜಪಾನೀಸ್‌ನಲ್ಲಿ ಎಲ್ಲ ತಲೆಕೆಳಗು. ಕೊನೆಯಿಂದ ಶುರು ಮಾಡಿ ಹಿಂದಕ್ಕೆ ಬನ್ನಿ.' ನಾನೂ ಹಾಗೇ ಮಾಡಿದೆ. ಮನಸ್ಸಿನಲ್ಲಿ ಕನ್ನಡ, ಅದನ್ನು ಮುರಿದು ಇಂಗ್ಲಿಷು, ಆ ಇಂಗ್ಲಿಷನ್ನು ಮಗುಚಿ ಜಪಾನೀಸು. ರಾತ್ರಿ ತಲೆ ಸಿಡಿಯುತ್ತಿತ್ತು. ಒಂದು ದಿನ ಒಲೆ ಮುಂದೆ ನಿಂತಿದ್ದಾಗ 'ನಾನು ನಿನ್ನೆ ಬೆಂಗಳೂರಿಗೆ ಹೋದೆ' ಅನ್ನುವುದನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ವತಶಿ ವ, ಕಿನೋ, ಬೆಂಗರೂರು ನಿ, ಇಕಿಮಶಿತ. ನಾನು, ನಿನ್ನೆ, ಬೆಂಗಳೂರಿಗೆ, ಹೋದೆ. ಕೈಯಲ್ಲಿದ್ದ ಸೌಟು ಕೆಳಗಿಟ್ಟೆ. ಮಗುಚಬೇಕಾದದ್ದು ಏನೂ ಇರಲಿಲ್ಲ. ತಲೆಕೆಳಗಾಗಿದ್ದದ್ದು ಇಂಗ್ಲಿಷಿನವರಿಗೆ. ನಮ್ಮ ಪಾಲಿಗೆ ಅದು ನೆಟ್ಟಗೇ ನಿಂತಿತ್ತು.

ಅವತ್ತಿನಿಂದ ನಾನು ಇಂಗ್ಲಿಷಿನ ಸುತ್ತುದಾರಿ ಬಿಟ್ಟೆ. ನೀನು ಮೊದಲ ದಿನದಿಂದಲೇ ಬಿಡು.

ನಮಗೆ 'ಗೆ' ಇದ್ದಲ್ಲಿ ಅವರಿಗೆ 'ನಿ'. ನಮ್ಮ 'ಅನ್ನು'ವಿಗೆ ಅವರ 'ಒ'. 'ತುಮಕೂರಿಂದ ಬೆಂಗಳೂರಿನವರೆಗೆ' ಅನ್ನೋದು 'ತುಮಕೂರು ಕರ ಬೆಂಗರೂರು ಮದೆ'. ಪದದ ಬೆನ್ನಿಗೇ ಅಂಟಿಕೊಂಡು ಬರುತ್ತವೆ, ನಮ್ಮ ವಿಭಕ್ತಿ ಪ್ರತ್ಯಯದ ಥರಾನೇ. 'ನಾನೂ' ಅನ್ನುವಾಗ ಕೊನೆಯಲ್ಲೊಂದು ಎಳೆತ ಸೇರಿಸುತ್ತೀಯಲ್ಲ, ಅದು ಅವರಲ್ಲಿ 'ಮೊ': ವತಶಿ ಮೊ. ಇಲ್ಲಿ ಇನ್ನೂ ಒಂದು ಸೊಗಸು ಇದೆ. ಯಾರು ಅನ್ನೋದು 'ದರೆ'. 'ದರೆ ಕ' ಅಂದರೆ ಯಾರೋ. 'ದರೆ ಮೊ' ಅಂದು ಮುಂದೆ 'ಇಲ್ಲ' ಸೇರಿಸಿದರೆ ಯಾರೂ ಇಲ್ಲ. ಏನು, ಏನೋ, ಏನೂ ಅನ್ನೋದೂ ಹೀಗೇ: ನನಿ, ನನಿ ಕ, ನನಿ ಮೊ. ಇದನ್ನು ಇಂಗ್ಲಿಷಿನ ಪುಸ್ತಕ ಒಂದಿಡೀ ಪುಟದಲ್ಲಿ ವಿವರಿಸುತ್ತೆ. ನಿನಗೆ ಒಂದು ಸಾಲು ಸಾಕು.

ಪುಸ್ತಕದಲ್ಲಿ 'ತೆ ರೂಪ' ಅಂತ ಒಂದು ಅಧ್ಯಾಯ ಬರುತ್ತೆ. ಅಲ್ಲಿಯವರೆಗೆ ಚೆನ್ನಾಗಿ ಓದಿದವರೂ ಅಲ್ಲಿ ಎಡವಿ ಕೈಬಿಡುತ್ತಾರೆ. ನೀನು ಅಲ್ಲಿ ಹಿಗ್ಗಬೇಕು. ಅದು ನಮ್ಮ ತಿಂದು, ಬಂದು, ಹೋಗಿ, ಮಾಡಿ, ಅಷ್ಟೇ. 'ತಬೆತೆ' ಅಂದರೆ ತಿಂದು. 'ಮಿರು' ಅಂದರೆ ನೋಡು. 'ತಬೆತೆ ಮಿರು' ಅಂದರೆ ತಿಂದು ನೋಡುವುದು. ರುಚಿ ನೋಡು ಅನ್ನೋದಕ್ಕೆ ಕಣ್ಣಿನ ಕೆಲಸದ ಪದ ಹಾಕೋದು ನಮಗೂ ಅವರಿಗೂ ಒಂದೇ. 'ಒಕು' ಅಂದರೆ ಇಡು, 'ಕಇತೆ ಒಕು' ಅಂದರೆ ಬರೆದಿಡು. ತಪ್ಪಾಗಿ ಏನೋ 'ಮಾಡಿಬಿಟ್ಟೆ' ಅಂತ ಹಲುಬುತ್ತೀವಲ್ಲ, ಆ 'ಬಿಟ್ಟೆ'ಯ ಜಾಗದಲ್ಲಿ ಅವರ 'ಶಿಮತ್ತ': ಶಿತೆ ಶಿಮತ್ತ. ಮೇಷ್ಟ್ರ ಮುಂದೆ ನಿಂತು 'ಹೇಳಿಕೊಡಿ' ಅನ್ನೋದು 'ಒಶಿಎತೆ ಕುದಸಾಯ್'. ಹೇಳಿ, ಕೊಡಿ. ಎರಡೇ ತುಂಡು, ಅದೇ ಕ್ರಮ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹತ್ತಿರವಾದದ್ದು ಒಂದು ಹೊಸಿಲಿನ ಮಾತು. ಜಪಾನಿನಲ್ಲಿ ಮನೆಯಿಂದ ಹೊರಡುವವರು 'ಇತ್ತೆಕಿಮಸು' ಅನ್ನುತ್ತಾರೆ. ಇತ್ತೆ, ಹೋಗಿ. ಕಿಮಸು, ಬರ್ತೀನಿ. ಒಳಗಿದ್ದವರು 'ಇತ್ತೆರಶ್ಶಾಯ್', ಹೋಗಿ ಬಾ, ಅನ್ನುತ್ತಾರೆ. ಬರೀ 'ಹೋಗ್ತೀನಿ' ಅಂದರೆ ನಿಮ್ಮಜ್ಜಿ ಗದರುತ್ತಿದ್ದಳು, ನೆನಪಿದೆಯಾ? ನಾನು ಈ ಪದ ಮೊದಲು ಕೇಳಿದ ದಿನ ಕಣ್ಣಲ್ಲಿ ನೀರು ಬಂತು.

ಇಷ್ಟೆಲ್ಲ ಹೋಲಿಕೆ ಇದೆ ಅಂತ ಎರಡೂ ಒಂದೇ ತಾಯಿಯ ಮಕ್ಕಳು ಅಂದುಕೊಳ್ಳಬೇಡ. ಸುಸುಮು ಓನೊ ಅಂತ ಜಪಾನಿನ ದೊಡ್ಡ ವಿದ್ವಾಂಸರಿದ್ದರು, 2008ರಲ್ಲಿ ತೀರಿಕೊಂಡರು. ತಮಿಳಿಗೂ ಜಪಾನೀಸಿಗೂ ಸಂಬಂಧ ಇದೆ ಅಂತ ವರ್ಷಗಟ್ಟಲೆ ವಾದಿಸಿದರು. ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ಒಪ್ಪದಿದ್ದರೆ ನಮಗೇನೂ ನಷ್ಟವಿಲ್ಲ. ಮನೆಯ ನಕ್ಷೆ ಒಂದೇ ಥರ ಇದ್ದರೆ, ಕಟ್ಟಿದವರು ಬೇರೆಯಾದರೂ ಕತ್ತಲಲ್ಲಿ ಅಡುಗೆಮನೆ ಎಲ್ಲಿದೆ ಅಂತ ಗೊತ್ತಾಗುತ್ತೆ.

ಇನ್ನು ಅಕ್ಷರ. ಹಿರಗನ ಅಂತ 46, ಕತಕನ ಅಂತ 46. ಮೊದಲನೆಯದು ಅವರ ಸ್ವಂತ ಪದಗಳಿಗೆ, ಎರಡನೆಯದು ಹೆಚ್ಚಾಗಿ ಹೊರಗಿಂದ ಬಂದ ಪದಗಳಿಗೆ. ನಿನ್ನ ಹೆಸರು ಬರೆಯೋದೂ ಕತಕನದಲ್ಲೇ. ಅಕ್ಷರಮಾಲೆ ಹೇಗೆ ಹೋಗುತ್ತೆ ಗೊತ್ತಾ? ಅ ಇ ಉ ಎ ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಕೇಳಿದಾಗ ಎಲ್ಲೋ ಕೇಳಿದ ಹಾಗೆ ಅನ್ನಿಸುತ್ತಲ್ಲ? ಬೌದ್ಧ ಭಿಕ್ಷುಗಳು ಸಂಸ್ಕೃತದ ಅಕ್ಷರಗಳನ್ನು ಓದಿದವರು, ಆ ಕ್ರಮದ ನೆರಳು ಅಲ್ಲಿ ಉಳಿದಿದೆ. ನಮ್ಮಲ್ಲಿ 'ಪ' ಇರುವ ಜಾಗದಲ್ಲಿ ಅವರಿಗೆ 'ಹ' ಇದೆ, ಯಾಕೆಂದರೆ ಹಿಂದೆ ಅದನ್ನು 'ಪ' ಅಂತಲೇ ಅನ್ನುತ್ತಿದ್ದರು. ನಾವೂ ಹಳಗನ್ನಡದ ಪಾಲನ್ನು ಹಾಲು ಮಾಡಿಕೊಂಡವರೇ, ಅವರ ಕಥೆ ನಮಗೆ ಅರ್ಥವಾಗುತ್ತೆ.

ಎರಡು ವಾರ ಬರೆದರೆ ಹಿರಗನ ಕೈಗೆ ಹತ್ತುತ್ತೆ. ಅಲ್ಲಿವರೆಗೆ ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದುಕೋ, ಇಂಗ್ಲಿಷ್ ಅಕ್ಷರದಲ್ಲಿ ಬೇಡವೇ ಬೇಡ. ಕಾರಣ ಹೇಳ್ತೀನಿ. ಅವರಲ್ಲಿ 'ಒಬಸನ್' ಅಂದರೆ ಅತ್ತೆಯೋ ಚಿಕ್ಕಮ್ಮನೋ, 'ಒಬಾಸನ್' ಅಂದರೆ ಅಜ್ಜಿ. 'ಕಿತೆ' ಅಂದರೆ ಬಂದು, 'ಕಿತ್ತೆ' ಅಂದರೆ ಅಂಚೆಚೀಟಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ದೀರ್ಘ ಜಾರಿಹೋಗುತ್ತೆ, ಒತ್ತು ಕಿವಿಗೆ ಹತ್ತುವುದಿಲ್ಲ. ಕತೆಗೂ ಕತ್ತೆಗೂ ವ್ಯತ್ಯಾಸ ತಿಳಿದ ಮಗುವಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮಹಾಪ್ರಾಣ ಅವರಲ್ಲಿ ಇಲ್ಲ. 'ಲ', 'ಳ' ಕೂಡ ಇಲ್ಲ, ಅದಕ್ಕೇ ಬೆಂಗಳೂರು ಬೆಂಗರೂರು ಆಗೋದು. ಎರಡು ವಾರ ಕಳೆದ ಮೇಲೆ ಮಾತ್ರ ಕನ್ನಡ ಅಕ್ಷರದ ಊರುಗೋಲು ಬಿಟ್ಟುಬಿಡು, ಇಲ್ಲದಿದ್ದರೆ ಕಣ್ಣು ಅದನ್ನೇ ಹುಡುಕುತ್ತೆ.

ಕಾಂಜಿ ಅಂತ ಮೂರನೇ ಬಗೆಯ ಅಕ್ಷರ ಇದೆ, ಅದನ್ನು ತೋರಿಸಿ ಎಲ್ಲರೂ ಹೆದರಿಸುತ್ತಾರೆ. ದಿನಬಳಕೆಗೆ ಅಂತ ಅವರ ಸರ್ಕಾರ ಪಟ್ಟಿ ಮಾಡಿರುವುದೇ 2,136. ನೀನು ಅದನ್ನು ನೋಡಲೇಬೇಡ. ಎನ್5ಗೆ ನೂರರ ಆಸುಪಾಸು ಸಾಕು. ಅದರಲ್ಲಿ ಏಳನ್ನು ಈಗಲೇ ಕೊಡ್ತೀನಿ. ನಾನು ಕಾರ್ಖಾನೆಯಲ್ಲಿ ವಾರ, ತಾರೀಕು ತೋರಿಸುವ ಗಡಿಯಾರಗಳ ಸಣ್ಣ ಚಕ್ರ ಕೂರಿಸುತ್ತಿದ್ದೆ. ಕಿರುಬೆರಳ ಉಗುರಿನಷ್ಟೂ ಇಲ್ಲದ ಕಿಟಕಿಯಲ್ಲಿ ವಾರದ ಹೆಸರು ಬಂದು ನಿಲ್ಲಬೇಕು. ಎಷ್ಟು ಸಾವಿರ ಕೂರಿಸಿದೆನೋ. ಜಪಾನೀ ವಾರಗಳನ್ನು ಕಲಿತಾಗ ಆ ಚಕ್ರ ಮತ್ತೆ ಕೈಗೆ ಬಂದ ಹಾಗಾಯಿತು. ಭಾನುವಾರ ಅವರಿಗೂ ಸೂರ್ಯನ ದಿನ, ನಿಚಿಯೋಬಿ. ಸೋಮವಾರ ಚಂದ್ರನ ದಿನ, ಗೆತ್ಸುಯೋಬಿ. ಮಂಗಳವಾರ ಬೆಂಕಿ, ಕಯೋಬಿ; ಮಂಗಳ ಗ್ರಹವನ್ನು ಅವರು ಬೆಂಕಿಯ ನಕ್ಷತ್ರ ಅನ್ನುತ್ತಾರೆ. ಬುಧ ನೀರಿನ ನಕ್ಷತ್ರ, ಹಾಗಾಗಿ ಬುಧವಾರ ಸುಇಯೋಬಿ. ಗುರು ಮರ, ಮೊಕುಯೋಬಿ. ಶುಕ್ರ ಚಿನ್ನ, ಕಿನ್‌ಯೋಬಿ. ಶನಿ ಮಣ್ಣು, ದೊಯೋಬಿ. ಒಂದು ಗ್ರಹವೂ ಹಿಂದುಮುಂದಾಗಿಲ್ಲ. ಈ ಗ್ರಹವಾರಗಳ ಲೆಕ್ಕದ ಗ್ರಂಥವನ್ನು 9ನೇ ಶತಮಾನದ ಮೊದಲಲ್ಲಿ ಕೂಕಾಯ್ ಎಂಬ ಬೌದ್ಧ ಗುರು ಚೀನಾದಿಂದ ಜಪಾನಿಗೆ ಒಯ್ದರು. ಅದರ ಬೇರು ನಮ್ಮ ಕಡೆಯ ಜ್ಯೋತಿಷದಲ್ಲಿದೆ. ಸೂರ್ಯ, ಚಂದ್ರ, ಬೆಂಕಿ, ನೀರು, ಮರ, ಚಿನ್ನ, ಮಣ್ಣು: ಏಳು ದಿನ, ಏಳು ಕಾಂಜಿ. ಒಂದು ವಾರದಲ್ಲಿ ದಿನಕ್ಕೊಂದರಂತೆ ಕ್ಯಾಲೆಂಡರಿನ ಮೇಲೆ ಬರಿ.

ಕನ್ನಡ ಕೈಕೊಡುವ ಜಾಗಗಳನ್ನೂ ಹೇಳಬೇಕು. 'ವ' ಮತ್ತು 'ಗ' ಅಂತ ಎರಡು ಪ್ರತ್ಯಯ ಇವೆ. ಎರಡೂ ಹೆಚ್ಚುಕಡಿಮೆ 'ನಾನು' ಅನ್ನುವ ಜಾಗದಲ್ಲೇ ಬರುತ್ತವೆ, ನಮ್ಮಲ್ಲಿ ಅದಕ್ಕೆ ಸರಿಜೋಡಿ ಇಲ್ಲ. ನಾನು ಇವತ್ತಿಗೂ ತಪ್ಪು ಮಾಡುತ್ತೇನೆ. 'ಕೊಡು' ಅನ್ನೋದು ನಮಗೆ ಒಂದೇ. ಅವರಿಗೆ ನಾನು ಬೇರೆಯವರಿಗೆ ಕೊಟ್ಟರೆ ಒಂದು ಪದ, ಬೇರೆಯವರು ನನಗೆ ಕೊಟ್ಟರೆ ಇನ್ನೊಂದು. ಗುಣ ಹೇಳುವ ಪದಗಳಿಗೂ ಅವರಲ್ಲಿ ಭೂತಕಾಲ ಇದೆ. ಎದುರಿಗಿರುವವರನ್ನು 'ನೀವು' ಅನ್ನುವ ಪದ ಪುಸ್ತಕದಲ್ಲಿದ್ದರೂ ಅದನ್ನು ಎದುರಿಗೆ ಅಷ್ಟಾಗಿ ಬಳಸುವುದಿಲ್ಲ, ಹೆಸರಿಗೆ 'ಸನ್' ಸೇರಿಸಿ ಕರೆಯುತ್ತಾರೆ. ಈ ಕಡೆಗಳಲ್ಲೇ ನಿನಗೆ ಮೇಷ್ಟ್ರು ಬೇಕಾಗೋದು. ದುಡ್ಡು ಇಲ್ಲಿಗೆ ಎತ್ತಿಡು.

ಈಗ ದುಡ್ಡಿನ ಮಾತು. ಮೊದಲ ಆರು ತಿಂಗಳು ಪಾಠಕ್ಕೆ ಅಂತ ಒಂದು ಪೈಸೆ ಖರ್ಚಿಲ್ಲದೆ ಸಾಗಬಹುದು. ಜಪಾನ್ ಫೌಂಡೇಶನ್ ಅಂತ ಜಪಾನ್ ಸರ್ಕಾರದ ಕಡೆಯ ಸಂಸ್ಥೆ ಇದೆ. ಅವರ 'ಮಿನಾತೊ' ತಾಣದಲ್ಲಿ ತಾನೇ ಓದಿಕೊಳ್ಳುವ ಪಾಠಗಳು ಉಚಿತ. 'ಇರೊದೊರಿ' ಅಂತ ಅವರದೇ ಪಠ್ಯಪುಸ್ತಕ ಇದೆ, ಮೂರು ಹಂತದ್ದು, ಧ್ವನಿ ಸಮೇತ ಪುಕ್ಕಟೆ ಇಳಿಸಿಕೊಳ್ಳಬಹುದು. ಅಂಗಡಿಯಲ್ಲಿ ಕೇಳೋದು, ಬಸ್ಸಿನಲ್ಲಿ ಹೋಗೋದು, ಕೆಲಸದ ಜಾಗದಲ್ಲಿ ರಜೆ ಕೇಳೋದು, ಇಂಥವೇ ಪಾಠಗಳು. ಜಪಾನಿಗೆ ದುಡಿಯಲು ಹೋಗುವವರಿಗೆಂದೇ ಮಾಡಿದ್ದು. ಎನ್‌ಎಚ್‌ಕೆ ವರ್ಲ್ಡ್‌ನವರ ಸುಲಭ ಜಪಾನೀ ಪಾಠ ಹಿಂದಿಯಲ್ಲೂ ಇದೆ, ಹತ್ತು ಹತ್ತು ನಿಮಿಷದ್ದು, ನೀನು ಕೆಲಸಕ್ಕೆ ಹೋಗುವ ಕಾರ್ಖಾನೆ ಬಸ್ಸಿನಲ್ಲಿ ಕೇಳಬಹುದು. ಪದ ನೆನಪಿಡೋದಕ್ಕೆ 'ಆಂಕಿ' ಅನ್ನುವ ಆ್ಯಪ್ ಹಾಕಿಕೋ, ನಿನ್ನ ಆಂಡ್ರಾಯ್ಡ್ ಫೋನಿಗೆ ಅದು ಉಚಿತ. ಅದರಲ್ಲಿ ಬೇರೆಯವರು ಮಾಡಿಟ್ಟ ಪದಪಟ್ಟಿ ಇಳಿಸಬೇಡ. ನೀನೇ ಕಾರ್ಡು ಮಾಡು, ಒಂದು ಬದಿಗೆ ಜಪಾನೀಸು, ಇನ್ನೊಂದು ಬದಿಗೆ ಕನ್ನಡ. ಮಾಡುವಾಗಲೇ ಅರ್ಧ ನೆನಪಿಗೆ ಹೋಗಿರುತ್ತೆ. ದಿನಕ್ಕೆ ಹತ್ತು ಪದ, ಹನ್ನೊಂದು ಬೇಡ.

ಪುಸ್ತಕ ಕೊಳ್ಳುವುದಾದರೆ ಒಂದೇ ಸಾಕು, 'ಮಿನ್ನಾ ನೊ ನಿಹೊಂಗೊ'. ಎರಡು ಭಾಗ, ಭಾಗಕ್ಕೆ 25 ಪಾಠ. ಭಾರತದಲ್ಲೇ ಅಚ್ಚಾದ ಪ್ರತಿ ಸಿಗುತ್ತೆ, ಆಮದಿನದ್ದಕ್ಕೆ ದುಡ್ಡು ಸುರಿಯಬೇಡ. ಮೊದಲ ಭಾಗ ನನ್ನ ಹತ್ತಿರ ಇದೆ.

ಮೇಷ್ಟ್ರಿಗೆ ದುಡ್ಡು ಕೊಡುವುದು ಮೊದಲ ಎಂಟು-ಹತ್ತು ಪಾಠ ನೀನೇ ಮುಗಿಸಿದ ಮೇಲೆ. ಅದಕ್ಕೂ ಮುಂಚೆ ಕೊಟ್ಟರೆ ಅವರು ನಿನಗೆ ಅಕ್ಷರ ತಿದ್ದಿಸುತ್ತಾರೆ, ಗಂಟೆಗೆ ನೂರಾರು ರೂಪಾಯಿ ತಗೊಂಡು. ಅಕ್ಷರ ತಿದ್ದೋದಕ್ಕೆ ನೀನೇ ಸಾಕು. ಐಟಾಕಿಯಂಥ ತಾಣಗಳಲ್ಲಿ ಒಬ್ಬರ ಎದುರಿಗೆ ಒಬ್ಬರು ಕೂತು ಪಾಠ. ದರ ಶಿಕ್ಷಕರೇ ಇಟ್ಟಿರುತ್ತಾರೆ, ಒಂದೊಂದು ಪಾಠಕ್ಕೆ ಇಷ್ಟು ಅಂತ. ಅಲ್ಲಿ ಎರಡು ಬಗೆಯವರು: ಕಲಿಸುವ ತರಬೇತಿ ಆದವರು, ಬರೀ ಮಾತಿಗೆ ಜೊತೆ ಕೊಡುವವರು. ಎರಡನೆಯವರ ದರ ಸಾಮಾನ್ಯವಾಗಿ ಕಡಿಮೆ, ನಿನಗೆ ಶುರುವಿಗೆ ಬೇಕಾದವರೂ ಅವರೇ. ಪರಿಚಯದ ಅರ್ಧ ಗಂಟೆ ಪಾಠ ಮೂವರ ಹತ್ತಿರ ತಗೊಂಡು ನೋಡು, ಆಮೇಲೆ ಒಬ್ಬರನ್ನು ಹಿಡಿ. ಒಂದೇ ಸಲ ಇಪ್ಪತ್ತು ಪಾಠದ ಕಟ್ಟು ಕೊಳ್ಳಬೇಡ. ನಾನು ಹದಿನೈದು ದಿನಕ್ಕೊಂದು ಅರ್ಧ ಗಂಟೆ ಇಟ್ಟುಕೊಂಡಿದ್ದೇನೆ. ಆ ಅರ್ಧ ಗಂಟೆಗೆ ಹದಿನೈದು ದಿನ ತಯಾರಿ. ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಟ್ಟಿರುತ್ತೇನೆ, ಮೇಷ್ಟ್ರು ಬಂದ ಕೂಡಲೇ ನಾನೇ ಮಾತಾಡೋಕೆ ಶುರು ಮಾಡುತ್ತೇನೆ, ಅವರು ತಿದ್ದುತ್ತಾರೆ. ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ನಿನ್ನ ಬಾಯಿ ಆಡದಿದ್ದರೆ ಆ ಮೇಷ್ಟ್ರನ್ನು ಬದಲಾಯಿಸು. ನಾನು ಮೊದಲು ಕಟ್ಟಿದ 18,000ದಲ್ಲಿ ಇಂಥ ಪಾಠ ಒಂದೂವರೆ ವರ್ಷಕ್ಕಾಗುವಷ್ಟು ಬರುತ್ತಿತ್ತು.

ಸಮಯದ ಲೆಕ್ಕ ಮರೆಯಬೇಡ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದಿದೆ. ನೀನು ಜನರಲ್ ಶಿಫ್ಟ್ ಮುಗಿಸಿ ಆರು ಗಂಟೆಗೆ ಮನೆ ಸೇರುವಾಗ ಅಲ್ಲಿ ರಾತ್ರಿ ಒಂಬತ್ತೂವರೆ. ನೀನು ಕೈಕಾಲು ತೊಳೆದು, ತಿಂಡಿ ತಿಂದು ಕೂರುವ ಹೊತ್ತಿಗೆ ಅವರು ಮಲಗುವ ಹೊತ್ತು. ಬೆಳಿಗ್ಗೆ ಆರಕ್ಕೆ ಇಟ್ಟುಕೋ, ಅವರಿಗೆ ಒಂಬತ್ತೂವರೆ. ನಿನ್ನ ತಲೆಯೂ ತಿಳಿಯಾಗಿರುತ್ತೆ, ಬೀದಿಯಲ್ಲಿ ಗಾಡಿ ಗಲಾಟೆಯೂ ಇರಲ್ಲ, ನೆಟ್‌ವರ್ಕೂ ಆಗ ಚೆನ್ನಾಗಿ ಸಿಗುತ್ತೆ.

ನೀನು ಕೆಲಸ ಮಾಡುವ ಕಡೆ ಗೋಡೆ ಮೇಲೆ 5ಎಸ್ ಅಂತ ಬೋರ್ಡು ಇದೆಯಲ್ಲ, ಅದನ್ನು ಯಾವತ್ತಾದರೂ ಓದಿದ್ದೀಯಾ? ನಮ್ಮ ಇಂಡಸ್ಟ್ರಿಯಲ್ ಏರಿಯಾದಲ್ಲಿ 'ಸೀರಿ, ಸೀಟಾನ್' ಅಂತಾರೆ. ಸೇರಿ, ಸೇತೊನ್, ಸೇಸೋ, ಸೇಕೆತ್ಸು, ಶಿತ್ಸುಕೆ ಅನ್ನಬೇಕು. ಬೇಡದ್ದನ್ನು ಬೇರ್ಪಡಿಸು, ಬೇಕಾದ್ದನ್ನು ಅದರ ಜಾಗದಲ್ಲಿಡು, ಗುಡಿಸಿ ಒರೆಸು, ಅದನ್ನೇ ಕಾಪಾಡಿಕೋ, ರೂಢಿ ಮಾಡಿಕೋ. ಐದು ಪದ ಗೋಡೆ ಮೇಲೇ ಇವೆ. ಕಾಯ್ಝೆನ್ ಅಂತೀರಲ್ಲ, ಅದು ಸುಧಾರಣೆ. ಕನ್‌ಬನ್ ಅಂದರೆ ಬೋರ್ಡು, ಫಲಕ. ಗೆನ್‌ಬ ಅಂದರೆ ಕೆಲಸ ನಡೆಯುವ ಜಾಗ. ಇವನ್ನು ಸರಿಯಾಗಿ ಉಚ್ಚರಿಸಿ, ಏನು ಅಂತ ಹೇಳಬಲ್ಲ ಟ್ರೈನಿ ಹುಡುಗಿಯನ್ನು ಮೇಲಿನವರು ಗಮನಿಸುತ್ತಾರೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಕಡೆ ಏನಾಗುತ್ತಿದೆ ಅಂತ ನಿನಗೂ ಗೊತ್ತು. ಎರಡೂ ಸರ್ಕಾರಗಳು ಗುರುತಿಸಿದ ಜಪಾನೀ ಕೈಗಾರಿಕಾ ಟೌನ್‌ಶಿಪ್‌ಗಳ ಪಟ್ಟಿಯಲ್ಲಿ ನಮ್ಮ ತುಮಕೂರೂ ಇದೆ. ಎಷ್ಟು ಬರುತ್ತೆ, ಯಾವಾಗ ಬರುತ್ತೆ ಅಂತ ಕಾದು ಕೂರಬೇಡ. ಬಿಡದಿಯಲ್ಲಿ ಟೊಯೊಟಾ ಇದೆ, ಕೋಲಾರದ ನರಸಾಪುರದಲ್ಲಿ ಹೋಂಡಾ ಇದೆ. ಕೆಲಸವೂ ಗೊತ್ತಿದ್ದು ಭಾಷೆಯೂ ಗೊತ್ತಿರುವವರಿಗೆ ಕರ್ನಾಟಕದಲ್ಲೇ ಜಾಗ ಇದೆ.

ಪರೀಕ್ಷೆಯ ಹೆಸರು ಜೆಎಲ್‌ಪಿಟಿ, 1984ರಿಂದ ನಡೆದು ಬಂದಿದೆ. ಎನ್5 ಕೆಳಗಿನದು, ಎನ್1 ಮೇಲಿನದು. ನಮ್ಮಲ್ಲಿ ವರ್ಷಕ್ಕೆ ಎರಡು ಸಲ, ಜುಲೈ ಮತ್ತು ಡಿಸೆಂಬರಿನ ಮೊದಲ ಭಾನುವಾರ. ನಮಗೆ ಹತ್ತಿರದ ಕೇಂದ್ರ ಬೆಂಗಳೂರು. ಅರ್ಜಿ ಹಾಕೋದು ತಿಂಗಳುಗಟ್ಟಲೆ ಮುಂಚೆ, ಜುಲೈಗೆ ಮಾರ್ಚ್-ಏಪ್ರಿಲ್ ಹೊತ್ತಿಗೆ, ಡಿಸೆಂಬರಿಗೆ ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ. ಎನ್5ಗೆ 180ಕ್ಕೆ 80 ಬಂದರೆ ಪಾಸು, ಎನ್4ಗೆ 90. ಆದರೆ ಕೇಳಿಸಿಕೊಳ್ಳುವ ಭಾಗದಲ್ಲಿ 60ಕ್ಕೆ 19 ಬರದಿದ್ದರೆ ಮಿಕ್ಕದ್ದರಲ್ಲಿ ಎಷ್ಟು ಬಂದರೂ ಫೇಲು. ಅಲ್ಲಿ ಧ್ವನಿಯನ್ನು ಒಂದೇ ಸಲ ಹಾಕುತ್ತಾರೆ. ಪುಸ್ತಕವನ್ನಷ್ಟೇ ಓದಿದವರು ಅಲ್ಲೇ ಜಾರೋದು, ಅದಕ್ಕೇ ಬಸ್ಸಿನಲ್ಲಿ ದಿನಾ ಕೇಳು ಅಂದದ್ದು. ಮಾತಾಡಿಸುವ ಪರೀಕ್ಷೆ ಇದರಲ್ಲಿ ಇಲ್ಲವೇ ಇಲ್ಲ. ಎನ್4 ಪಾಸಾಗಿಯೂ ಬಾಯಿ ಬಾರದವರನ್ನು ನಾನು ಕಂಡಿದ್ದೇನೆ. ಪರೀಕ್ಷೆಯ ಹಿಂದಿನ ಸಂಜೆಯೇ ಬೆಂಗಳೂರಿನಲ್ಲಿ ಅತ್ತೆ ಮನೆಯಲ್ಲಿ ಉಳಿದುಕೋ. ಎಪ್ಪತ್ತು ಕಿಲೋಮೀಟರು ಅಂತ ನೆಚ್ಚಿಕೊಂಡು ಬೆಳಿಗ್ಗೆ ಹೊರಡಬೇಡ.

ಮತ್ತೆ ಆ ಕಾಗದದ ಮಾತಿಗೆ ಬರ್ತೀನಿ. 'ಮುಗಿದ ಕೂಡಲೇ ಕೆಲಸ' ಅಂತ ಬರೆದಿದ್ದಾರಲ್ಲ. ಡಿಪ್ಲೊಮಾ, ಐಟಿಐ ಮಕ್ಕಳು ಹೋಗಬಹುದಾದ ದಾರಿ ನಿಜವಾಗಿಯೂ ಒಂದಿದೆ. 'ತೊಕುತೇ ಗಿನೋ' ಅಂತ, ನಿರ್ದಿಷ್ಟ ಕೌಶಲದವರ ವೀಸಾ, ಜಪಾನ್ 2019ರ ಏಪ್ರಿಲ್‌ನಲ್ಲಿ ತಂದದ್ದು. ಭಾರತದ ಜೊತೆ 2021ರ ಜನವರಿಯಲ್ಲಿ ಒಪ್ಪಂದ ಆಗಿದೆ. 2025ರ ಆಗಸ್ಟ್‌ನಲ್ಲಿ ಐದು ವರ್ಷದಲ್ಲಿ ಭಾರತದಿಂದ 50,000 ಕುಶಲರು ಹೋಗಬೇಕು ಅಂತ ಎರಡೂ ದೇಶ ಗುರಿ ಇಟ್ಟುಕೊಂಡಿವೆ. ಹಾಗಾಗಿ ಆಸೆ ಸುಳ್ಳಲ್ಲ. ಆದರೆ ಅದಕ್ಕೆ ಎನ್4 ಬೇಕು, ಇಲ್ಲವೇ ಜೆಎಫ್‌ಟಿ-ಬೇಸಿಕ್ ಅನ್ನುವ ಕಂಪ್ಯೂಟರ್ ಪರೀಕ್ಷೆಯಲ್ಲಿ 250ಕ್ಕೆ 200 ಬೇಕು. ಜೊತೆಗೆ ಆಯಾ ಕೆಲಸದ ಕೌಶಲ ಪರೀಕ್ಷೆ ಬೇರೆ. ಕೆಲಸಕ್ಕೂ ಹೋಗಿಕೊಂಡು ಆರು ತಿಂಗಳಲ್ಲಿ ಎನ್4 ಮುಟ್ಟೋದು ಬಹಳ ಕಷ್ಟ. ಒಂದೂವರೆ ವರ್ಷ ಇಟ್ಟುಕೋ, ಎರಡಾದರೂ ಸರಿ. ಆ ಕಾಗದ ಕೊಟ್ಟವರಿಗೆ ಫೋನ್ ಮಾಡಿದರೆ ಇಷ್ಟು ಕೇಳು: ಕೋರ್ಸು ಮುಗಿದಾಗ ಯಾವ ಮಟ್ಟ? ಒಂದು ತರಗತಿಗೆ ಎಷ್ಟು ಜನ? ವಿದೇಶಕ್ಕೆ ಕಳಿಸುವವರು ನೀವೇ ಆದರೆ ನಿಮ್ಮ ನೋಂದಣಿ ಸಂಖ್ಯೆ ಏನು? 1983ರ ವಲಸೆ ಕಾಯ್ದೆ ಪ್ರಕಾರ ಹೊರದೇಶಕ್ಕೆ ಜನರನ್ನು ಕೆಲಸಕ್ಕೆ ಕಳಿಸುವ ಏಜೆಂಟರು ನೋಂದಣಿ ಮಾಡಿಸಿರಲೇಬೇಕು, ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಹುಡುಕಿ ನೋಡಬಹುದು. ಯಾರಿಗೂ ಪಾಸ್‌ಪೋರ್ಟನ್ನಾಗಲೀ ಮಾರ್ಕ್ಸ್ ಕಾರ್ಡಿನ ಮೂಲಪ್ರತಿಯನ್ನಾಗಲೀ ಕೊಟ್ಟು ಬರಬೇಡ. ನಿಮ್ಮಮ್ಮನ ಸರ ಅವಳ ಕೊರಳಲ್ಲೇ ಇರಲಿ.

ಒಬ್ಬಳೇ ಓದುವಾಗ ಮೂರನೇ ತಿಂಗಳಲ್ಲಿ ಬೇಸರ ಬಂದೇ ಬರುತ್ತೆ. ಹೇಳಿಕೊಳ್ಳಲು ಯಾರೂ ಇರಲ್ಲ. ಮುಂದೆ ಹೋಗ್ತಿದ್ದೀನೋ ಇಲ್ಲವೋ ಅಂತ ತಿಳಿಯಲ್ಲ. ನನಗೂ ಹಾಗೇ ಆಗಿತ್ತು, ಎರಡು ತಿಂಗಳು ಪುಸ್ತಕ ಮುಟ್ಟಲಿಲ್ಲ. ನಿನಗೆ ಹಾಗಾಗಬಾರದು. ಇದೇ ಬೀದಿಯಲ್ಲಿ ನಾನಿದ್ದೇನಲ್ಲ. ಬುಧವಾರ ಸಂಜೆ, ಭಾನುವಾರ ಬೆಳಿಗ್ಗೆ ನನ್ನ ಜೊತೆ ಕೂರು. ಜಪಾನೀಸಿನಲ್ಲಿ ನನ್ನ ಬಾಯಿ ಜಪಾನಿನವರ ಬಾಯಿಯಂತಿಲ್ಲ, ಆ ತಿದ್ದುಪಡಿ ಮೇಷ್ಟ್ರ ಹತ್ತಿರವೇ ಮಾಡಿಸಿಕೋ. ಆದರೆ ಒಂದು ವಾಕ್ಯ ಕನ್ನಡದಿಂದ ಹೇಗೆ ಆ ಕಡೆ ದಾಟುತ್ತೆ ಅಂತ ತೋರಿಸೋದಕ್ಕೆ ನಾನು ಸಾಕು. ಬೆಂಗಳೂರಿನಲ್ಲಿ ವರ್ಷಕ್ಕೊಮ್ಮೆ ಜಪಾನ್ ಹಬ್ಬ ಅಂತ ಮಾಡುತ್ತಾರೆ. ಹೋಗೋಣ, ಅಲ್ಲಿಗೆ ಬಂದ ಜಪಾನಿನವರ ಹತ್ತಿರ ಧೈರ್ಯವಾಗಿ ನಾಲ್ಕು ಮಾತಾಡು.

ಪುಸ್ತಕ ತೆಗೆದಿಟ್ಟಿದ್ದೇನೆ. ಬೆನ್ನು ಹರಿದಿತ್ತು, ಅಂಟಿಸಿದ್ದೇನೆ. 14ನೇ ಪಾಠದಲ್ಲಿ 'ತೆ ರೂಪ' ಬರುತ್ತೆ, ಅದರ ಅಂಚಿನ ತುಂಬ ಪೆನ್ಸಿಲಿನಲ್ಲಿ ತಿಂದು, ಬಂದು, ಹೋಗಿ ಅಂತ ಬರೆದಿದ್ದೇನೆ, ಅಳಿಸಬೇಡ. ಬುಧವಾರ ಬರುವಾಗ ಆ ಬಣ್ಣದ ಕಾಗದವನ್ನೂ ತಗೊಂಡು ಬಾ. ಅದರ ಹಿಂಬದಿ ಖಾಲಿ ಇದೆ, ಹಿರಗನದ 46 ಅಕ್ಷರ ಬರೆಯೋದಕ್ಕೆ ಜಾಗ ಆಗುತ್ತೆ.